ಖಾಲಿ ಮನೆಯ ಓಡಾಟ

ಒಂದು ರೂಪಾಯಿಯ ನಾಲ್ಕು ನಾಣ್ಯಗಳನ್ನು ಎರಡು ಸಾಲಿನಲ್ಲಿ ಚೌಕವಾಗಿ ಇಡಿ. ಮೇಲಿನ ಸಾಲಿನಲ್ಲಿ ಎಡಕ್ಕೆ ಸಿಂಹದ ಮುಖ, ಬಲಕ್ಕೆ ಅಂಕಿಯ ಮುಖ. ಕೆಳಗಿನ ಸಾಲಿನಲ್ಲಿ ಎಡಕ್ಕೆ ಅಂಕಿ, ಬಲಕ್ಕೆ ಸಿಂಹ. ಅಕ್ಕಪಕ್ಕದವು ಒಂದೇ ಮುಖ ತೋರಿಸಬಾರದು, ಅಷ್ಟೇ ನಿಯಮ. ಲ್ಯಾಂಥನಂ ತಾಮ್ರದ ಆಕ್ಸೈಡ್‌ನಲ್ಲಿ ತಾಮ್ರದ ಎಲೆಕ್ಟ್ರಾನ್‌ಗಳ ಸ್ಪಿನ್‌ಗಳು, ಅಂದರೆ ಅವುಗಳ ಪುಟ್ಟ ಅಯಸ್ಕಾಂತಗಳು, ಹೀಗೆಯೇ ಒಂದು ಮೇಲಕ್ಕೆ, ಮತ್ತೊಂದು ಕೆಳಕ್ಕೆ ಮುಖ ಮಾಡಿ ನಿಂತಿರುತ್ತವೆ. ಇಂಥ ವಸ್ತು ಆಂಟಿಫೆರೋಮ್ಯಾಗ್ನೆಟ್.

ಅಲ್ಲಿಂದ ಒಂದು ಎಲೆಕ್ಟ್ರಾನನ್ನು ಕಿತ್ತರೆ ಒಂದು ಮನೆ ಖಾಲಿಯಾಗುತ್ತದೆ. ಪಕ್ಕದ ಎಲೆಕ್ಟ್ರಾನ್ ಅಲ್ಲಿಗೆ ಜಿಗಿಯುತ್ತದೆ, ಖಾಲಿ ಮನೆ ಒಂದು ಹೆಜ್ಜೆ ಸರಿಯುತ್ತದೆ. ತೊಂದರೆಯೆಂದರೆ, ಹಾಗೆ ಬಂದು ಕೂತದ್ದು ಆ ಜಾಗಕ್ಕೆ ಸಲ್ಲದ ಮುಖದ್ದು. ಖಾಲಿ ಮನೆ ಮುಂದುವರಿದಷ್ಟೂ ಹಿಂದೆ ತಪ್ಪು ಸ್ಪಿನ್‌ಗಳ ಸಾಲು ಬೆಳೆಯುತ್ತದೆ, ಅದಕ್ಕೆ ತೆರಬೇಕಾದ ಶಕ್ತಿಯೂ ಬೆಳೆಯುತ್ತದೆ. ಗೂಟಕ್ಕೆ ಕಟ್ಟಿದ ಹಸುವಿನಂತೆ ಅದು ಹೊರಟಲ್ಲಿಗೇ ಮರಳಬೇಕು. 1970ರಲ್ಲಿ ಭೌತವಿಜ್ಞಾನಿಗಳಾದ ಬ್ರಿಂಕ್‌ಮನ್ ಮತ್ತು ರೈಸ್ ಹಾಕಿದ ಲೆಕ್ಕ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು.

ಆದರೆ ಹಗ್ಗ ಬಿಚ್ಚಿಕೊಳ್ಳುವ ದಾರಿಯೊಂದಿದೆ. 1988ರಲ್ಲಿ ಟ್ರುಗ್‌ಮನ್ ತೋರಿಸಿದ ಆ ದಾರಿಗೆ ನಮ್ಮ ನಾಣ್ಯಗಳೇ ಸಾಕು. ಮೇಲಿನ ಎಡಮೂಲೆಯ ಸಿಂಹವನ್ನು ತೆಗೆಯಿರಿ. ಖಾಲಿ ಜಾಗ ಗಡಿಯಾರದ ಮುಳ್ಳಿನಂತೆ ಸುತ್ತುವ ಹಾಗೆ ನಾಣ್ಯಗಳನ್ನು ಒಂದೊಂದಾಗಿ ಸರಿಸಿ. ಒಂದು ಸುತ್ತು ಮುಗಿದಾಗ ಕ್ರಮ ಕೆಟ್ಟಿರುತ್ತದೆ. ಬಿಡದೆ ಇನ್ನೂ ಅರ್ಧ ಸುತ್ತು ಹೋಗಿ. ಒಟ್ಟು ಆರು ಹೆಜ್ಜೆಗೆ ಮೂರೂ ನಾಣ್ಯಗಳು ಸರಿಯಾದ ಮುಖ ತೋರಿಸುತ್ತಿರುತ್ತವೆ, ಖಾಲಿ ಜಾಗ ಮಾತ್ರ ಎದುರು ಮೂಲೆಗೆ ದಾಟಿರುತ್ತದೆ! ನಾನು ಮೊದಲ ಸಲ ಮಾಡಿದಾಗ ಎಲ್ಲೋ ಎಣಿಕೆ ತಪ್ಪಿತೆಂದು ಮತ್ತೆ ಶುರುಮಾಡಿದ್ದೆ.

ನಿಜವಾದ ಸ್ಪಿನ್‌ಗಳು ನಾಣ್ಯಗಳಷ್ಟು ಜಡವಲ್ಲ. ಅಕ್ಕಪಕ್ಕದ ಜೋಡಿಗಳು ತಾವಾಗಿಯೇ ಮುಖ ಅದಲುಬದಲು ಮಾಡಿಕೊಂಡು ಗಾಯವನ್ನು ಅಷ್ಟಷ್ಟೇ ಮಾಯಿಸುತ್ತವೆ. ಹಾಗಾಗಿ ಖಾಲಿ ಮನೆ ಸಾಗುತ್ತದೆ, ಆದರೆ ಸುತ್ತಲಿನ ಗೊಂದಲವನ್ನು ಹೊತ್ತುಕೊಂಡು, ಭಾರವಾಗಿ. ಖಾಲಿ ಮನೆ ಮತ್ತು ಅದು ಹೊತ್ತ ಗೊಂದಲ, ಎರಡಕ್ಕೂ ಸೇರಿ ಮ್ಯಾಗ್ನೆಟಿಕ್ ಪೋಲರಾನ್ ಎಂದು ಹೆಸರು. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಬೇರಿಯಂ ಬೆರೆಸಿ ಇಂಥ ಖಾಲಿ ಮನೆಗಳನ್ನು ಮಾಡಿದ ಇದೇ ಬಗೆಯ ಆಕ್ಸೈಡ್‌ನಲ್ಲಿ ಅತಿವಾಹಕತೆ, ಅಂದರೆ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಗುಣ, ಕಂಡ ಮೇಲೆ ಪೋಲರಾನಿನ ಬೆನ್ನು ಹತ್ತಿದವರು ಹಲವರು.

2019ರಲ್ಲಿ ಜರ್ಮನಿಯ ಗಾರ್ಚಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಲೇಸರ್ ಬೆಳಕಿನ ಜಾಲರಿಯಲ್ಲಿ ಲಿಥಿಯಂ ಪರಮಾಣುಗಳನ್ನು ಕೂರಿಸಿ ಪೋಲರಾನಿನ ಚಿತ್ರ ತೆಗೆದರು. ಅವರ ಜಾಲರಿಯಲ್ಲಿ ಕ್ರಮ ಕೆಡಿಸುವ ದೋಷ ಖಾಲಿ ಮನೆಯಲ್ಲ, ಎರಡು ಪರಮಾಣು ಕೂತ ಮನೆ. ಲೆಕ್ಕ ಎರಡಕ್ಕೂ ಒಂದೇ. ಓಡಾಡುವ ದೋಷದ ಸುತ್ತ ಸ್ಪಿನ್‌ಗಳ ಕ್ರಮ ಕೆಟ್ಟಿತ್ತು. ದೋಷವನ್ನು ಬೆಳಕಿನ ಚಿಮಟದಿಂದ ಹಿಡಿದು ನಿಲ್ಲಿಸಿದಾಗ ಆ ಗುರುತು ಕಾಣಲಿಲ್ಲ.