ಪಾರ್ಕಿನ್ಸನ್: ನಡುಕಕ್ಕಿಂತ ನಿಧಾನವೇ ಮುಖ್ಯ

ಪಾರ್ಕಿನ್ಸನ್ ಅಂದ ಕೂಡಲೇ ನಡುಗುವ ಕೈ ನೆನಪಾಗುತ್ತದೆ, ಅಲ್ವಾ? ಕನ್ನಡದಲ್ಲಿ ಬಳಸುವ ‘ನಡುಕ ರೋಗ’, ‘ಕಂಪವಾತ’ ಎಂಬ ಹೆಸರುಗಳೂ ನಡುಕವನ್ನೇ ಹೇಳುತ್ತವೆ. ಎಡವಟ್ಟಾಗುವುದು ಇಲ್ಲೇ. ಕೈ ನಡುಗುತ್ತಿಲ್ಲವಲ್ಲ, ಇದು ವಯಸ್ಸಿನ ತೊಂದರೆ ಇರಬೇಕು ಅಂದುಕೊಂಡು ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ.

ಹೆಸರಿನ ಈ ಗೊಂದಲ ಹಳೆಯದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರ ತೊಂದರೆಯನ್ನು ವಿವರಿಸಿ ಒಂದು ಪ್ರಬಂಧ ಬರೆದರು. ಆ ಆರರಲ್ಲಿ ಕೆಲವರು ಬೀದಿಯಲ್ಲಿ ಕಣ್ಣಿಗೆ ಬಿದ್ದವರು! ಅವರು ಇಟ್ಟ ಹೆಸರಿನ ಅರ್ಥ ‘ನಡುಗುವ ಲಕ್ವ’. ಮುಂದೆ ಫ್ರಾನ್ಸಿನ ನರರೋಗ ವೈದ್ಯ ಷಾರ್ಕೊ ಇದಕ್ಕೆ ತಕರಾರು ತೆಗೆದರು. ಎಲ್ಲರಿಗೂ ನಡುಕ ಇರುವುದಿಲ್ಲ, ಕೈಕಾಲಿನ ಬಲ ಹೋಗುವುದೂ ಇಲ್ಲ, ಹಾಗಿದ್ದ ಮೇಲೆ ಲಕ್ವ ಹೇಗಾಗುತ್ತದೆ ಎಂಬುದು ಅವರ ವಾದ. ‘ಪಾರ್ಕಿನ್ಸನ್ ಕಾಯಿಲೆ’ ಎಂಬ ಹೆಸರು ಬಂದದ್ದು ಹೀಗೆ.

ಒಳಗೆ ಆಗುವುದೇನು? ಮಿದುಳಿನ ಬುಡದ ಕಡೆ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವಿದೆ. ಹೆಸರು ಸಬ್‌ಸ್ಟ್ಯಾನ್ಶಿಯಾ ನೈಗ್ರಾ, ಅಂದರೆ ‘ಕಪ್ಪು ವಸ್ತು’ ಅಂತಲೇ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ನಾವು ಯೋಚಿಸದೆಯೇ ಸಲೀಸಾಗಿ ನಡೆಯುವುದು, ಗುಂಡಿ ಹಾಕುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಇದಕ್ಕೆಲ್ಲ ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಒಳಗೆ ಬಹಳಷ್ಟು ಕೋಶಗಳು ಹೋಗಿರುತ್ತವೆ.

ಹಾಗಾಗಿ ಕಾಯಿಲೆಯ ಮುಖ್ಯ ಗುರುತು ನಿಧಾನ. ವೈದ್ಯರ ಮಾತಿನಲ್ಲಿ ಬ್ರಾಡಿಕೈನೇಸಿಯಾ. ಇದು ಬರೀ ಸುಸ್ತಿನ ನಿಧಾನವಲ್ಲ. ಹೆಬ್ಬೆರಳು ತೋರುಬೆರಳನ್ನು ಬೇಗ ಬೇಗ ತಾಗಿಸಿ ಅಂದರೆ ಶುರುವಿನಲ್ಲಿ ಬೆರಳುಗಳು ಚೆನ್ನಾಗಿ ಅಗಲವಾಗಿ ತೆರೆದುಕೊಳ್ಳುತ್ತವೆ, ಬರಬರುತ್ತಾ ಚಲನೆ ಕಿರಿದಾಗಿ ಮಂದವಾಗುತ್ತದೆ. ಈ ನಿಧಾನದ ಜೊತೆಗೆ ನಡುಕವೋ ಕೈಕಾಲಿನ ಬಿಗಿತವೋ ಸೇರಿದರೆ ವೈದ್ಯರಿಗೆ ಅನುಮಾನ ಗಟ್ಟಿಯಾಗುತ್ತದೆ.

ಮನೆಯವರ ಕಣ್ಣಿಗೆ ಇದು ಬೇರೆ ಬೇರೆ ವೇಷದಲ್ಲಿ ಕಾಣುತ್ತದೆ. ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾಗುತ್ತದೆ. ಅಕ್ಷರ ಸಾಲಿನ ಕೊನೆಗೆ ಹೋದಂತೆ ಚಿಕ್ಕದಾಗುತ್ತದೆ. ದನಿ ತಗ್ಗುತ್ತದೆ. ಮುಖದಲ್ಲಿ ಭಾವನೆ ಕಾಣದೆ, ‘ಯಾಕೆ ಸಿಟ್ಟಾ?’ ಅಂತ ಕೇಳಿಸಿಕೊಳ್ಳಬೇಕಾಗುತ್ತದೆ, ಪಾಪ. ಒಂದೇ ಭುಜ ಹಿಡಿದುಕೊಂಡಿದೆ ಅಂತ ತಿಂಗಳುಗಟ್ಟಲೆ ಮೂಳೆ ವೈದ್ಯರ ಬಳಿ ಓಡಾಡಿದವರೂ ಇದ್ದಾರೆ. ಇನ್ನು ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿಗೆ ತಕ್ಕಂತೆ ನಿದ್ದೆಯಲ್ಲೇ ಕೈಕಾಲು ಝಾಡಿಸುವುದು ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಹಾಗಂತ ಮಲಬದ್ಧತೆ ಇದ್ದವರೆಲ್ಲ ಹೆದರಬೇಕಿಲ್ಲ. ಇಂಥವು ಹಲವು ಒಟ್ಟಿಗೆ ಸೇರಿದರೆ, ಅದರಲ್ಲೂ ದೇಹದ ಒಂದೇ ಕಡೆ ಜಾಸ್ತಿ ಕಂಡರೆ, ನರರೋಗ ತಜ್ಞರನ್ನು ನೋಡಬೇಕು.

ನಡುಕದಲ್ಲೂ ವ್ಯತ್ಯಾಸವಿದೆ. ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುತ್ತದೆ, ಏನಾದರೂ ಎತ್ತಿಕೊಂಡರೆ ತಗ್ಗುತ್ತದೆ. ಲೋಟ ಎತ್ತುವಾಗಲೇ ಎರಡೂ ಕೈ ನಡುಗಿದರೆ ಅದು ಹೆಚ್ಚಾಗಿ ಬೇರೆ ತರಹದ ನಡುಕ.

ಸ್ಕ್ಯಾನ್ ಒಂದನ್ನೇ ನೋಡಿ ಇದನ್ನು ತೀರ್ಮಾನಿಸುವುದಿಲ್ಲ. ವೈದ್ಯರು ನಡೆಸಿ, ತಿರುಗಿಸಿ, ಬೆರಳು ಆಡಿಸಿ ನೋಡುತ್ತಾರೆ. ಎಂಆರ್‌ಐ ಮಾಡಿಸುವುದು ಮುಖ್ಯವಾಗಿ ಬೇರೆ ಕಾಯಿಲೆ ಇದೆಯೇ ಎಂದು ತಿಳಿಯಲು. ಕಾಯಿಲೆಯನ್ನೇ ನಿಲ್ಲಿಸುವ ಔಷಧ ಇನ್ನೂ ಇಲ್ಲ, ನಿಜ. ಆದರೆ ಲೆವೊಡೋಪಾದಂಥ ಮಾತ್ರೆಗಳಿಂದ ಚಲನೆ ಚೆನ್ನಾಗಿ ಸುಧಾರಿಸುತ್ತದೆ. ಬೇಗ ಗೊತ್ತಾದರೆ, ದೇಹ ಇನ್ನೂ ಮಾತು ಕೇಳುವಾಗಲೇ ವ್ಯಾಯಾಮ ರೂಢಿ ಮಾಡಿಕೊಳ್ಳಬಹುದು.

ವೈದ್ಯರ ಬಳಿ ಹೋಗುವಾಗ ನಡಿಗೆಯ ಒಂದು ವಿಡಿಯೋ, ಹಳೆಯ ಮತ್ತು ಹೊಸ ಕೈಬರಹ ಜೊತೆಗಿರಲಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯಂತೂ ಬೇಕೇ ಬೇಕು. ಕೆಲವು ಮನೋರೋಗದ ಔಷಧಗಳು, ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್‌ನಂಥ ಮಾತ್ರೆಗಳು ಥೇಟ್ ಇದೇ ಲಕ್ಷಣಗಳನ್ನು ತರಬಲ್ಲವು. ಕಾರಣ ಅದೇ ಆಗಿದ್ದರೆ, ವೈದ್ಯರು ಮಾತ್ರೆ ಬದಲಿಸಿದ ಮೇಲೆ ಹೆಚ್ಚಿನವರಲ್ಲಿ ತೊಂದರೆ ಕೆಲವು ವಾರ ಇಲ್ಲವೇ ತಿಂಗಳುಗಳಲ್ಲಿ ಇಳಿಯುತ್ತದೆ. ನಾವಾಗಿಯೇ ನಿಲ್ಲಿಸುವಂತಿಲ್ಲ, ಅಷ್ಟೇ.