ಊರು ಬಿಡುತ್ತಿದ್ದೇವೆ, ಅಕ್ವೇರಿಯಂ ಮೀನುಗಳನ್ನು ತೋಟದ ಕೆರೆಗೆ ಬಿಡಬಹುದಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಯಜಮಾನರಿಗೆ ಬೆಂಗಳೂರಿಗೆ ವರ್ಗವಾಗಿದೆ, ಮೇ ಕೊನೆಗೆ ಹೊರಡಬೇಕು. ಮನೆಯಲ್ಲಿ ಎಂಟು ವರ್ಷದಿಂದ ಮೂರಡಿಯ ಅಕ್ವೇರಿಯಂ ಇದೆ. ಅದರಲ್ಲಿ ಎರಡು ಗೋಲ್ಡ್ ಫಿಶ್, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ, ಗೇಣಿಗಿಂತ ಉದ್ದ ಬೆಳೆದ ಒಂದು ಸಕ್ಕರ್ ಮೀನು. ಪಕ್ಕದ ಸಣ್ಣ ಟ್ಯಾಂಕಿನಲ್ಲಿ ಲೆಕ್ಕವಿಲ್ಲದಷ್ಟು ಗಪ್ಪಿ. ಬೆಂಗಳೂರಿನ ಬಾಡಿಗೆ ಮನೆಯವರು ಟ್ಯಾಂಕ್ ಬೇಡ ಅಂದಿದ್ದಾರೆ. ಅತ್ತೆ ಮಾವ ಇಲ್ಲೇ ಇರುತ್ತಾರೆ, ಆದರೆ ವಾರ ವಾರ ನೀರು ಬದಲಾಯಿಸಲು ಅವರಿಗೆ ಕೈಲಾಗದು. ನಮ್ಮ ತೋಟದ ಕೆರೆ ದೊಡ್ಡದಿದೆ. ಅಲ್ಲಿ ಬಿಟ್ಟರೆ ಹಾಯಾಗಿ ಇರುತ್ತವೆ ಅಲ್ವಾ? ಮಗ ದಿನಾ ರಾತ್ರಿ ಅಳುತ್ತಾನೆ. ಏನು ಮಾಡಲಿ?

ಉತ್ತರ:

ಅಕ್ಕ, ಕೆರೆಗೆ ಬಿಡಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು, ಇದೊಂದನ್ನು ಮಾತ್ರ ಈಗಲೇ ಗಟ್ಟಿ ಮಾಡಿಕೊಳ್ಳಿ. ಈ ಪ್ರಶ್ನೆ ಮೇ ತಿಂಗಳು ಬಂತೆಂದರೆ ನನಗೆ ಬರುತ್ತಲೇ ಇರುತ್ತದೆ. ಶಾಲೆ ಶುರುವಾಗುವ ಮುಂಚೆ ಮನೆ ಬದಲಾಯಿಸುವವರು, ಗಲ್ಫಿಗೆ ಹೊರಟವರು, ಎಲ್ಲರೂ ಕೇಳುವುದು ಇದನ್ನೇ. ಕೇಳುವವರೆಲ್ಲ ಮೀನನ್ನು ಪ್ರೀತಿಸುವವರು. ಪ್ರೀತಿಯಿಂದಲೇ ಕೆರೆಗೆ ಬಿಡುತ್ತಾರೆ. ಅದೇ ನನಗೆ ಸಂಕಟ.

ಗೋಲ್ಡ್ ಫಿಶ್ ಕತೆ ಮೊದಲು ಹೇಳುತ್ತೇನೆ. ಎಂಟು ವರ್ಷ ಗಾಜಿನೊಳಗೆ ಬೆಳೆದ ಮೀನು ಅದು. ಮೇಲೆ ನೆರಳು ಬಿದ್ದರೆ ಊಟ ಬಂತು ಅಂತ ಮೇಲಕ್ಕೆ ಬರುವುದು ಅದರ ರೂಢಿ. ನಿಮ್ಮ ಕೆರೆಯ ಮೇಲೆ ಬೀಳುವ ನೆರಳು ಮಿಂಚುಳ್ಳಿಯದ್ದು, ಕೊಕ್ಕರೆಯದ್ದು, ನೀರುಕಾಗೆಯದ್ದು. ಕೆಳಗೆ ನೀರೊಳ್ಳೆ ಹಾವು ಬೇರೆ. ಆ ಕೆಂಪು ಬಣ್ಣಕ್ಕೆ ಅಡಗಿಕೊಳ್ಳಲು ಜಾಗವೇ ಇಲ್ಲ. ಹಾಯಾಗಿರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಅದು ಹೆಚ್ಚು ದಿನ ಬದುಕುವುದೇ ಕಷ್ಟ.

ಸಕ್ಕರ್ ವಿಷಯ ತಿರುಗುಮುರುಗು. ಅದು ಸಾಯುವುದಿಲ್ಲ, ಅದೇ ತೊಂದರೆ. ದಕ್ಷಿಣ ಅಮೆರಿಕದ ಮೀನು ಅದು. ಮೈತುಂಬ ಗಟ್ಟಿ ಹಲಗೆಯಂಥ ಚಿಪ್ಪು, ಕೊಕ್ಕರೆಗೆ ನುಂಗಲಾಗದು. ನೀರಿನಲ್ಲಿ ಉಸಿರಿಗೆ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯ ಮೂಲಕವೇ ಉಸಿರಾಡುತ್ತದೆ. ಮೊಟ್ಟೆ ಇಡಲು ದಂಡೆಯ ಮಣ್ಣಿನಲ್ಲಿ ಉದ್ದುದ್ದ ಮಾಟೆ ಕೊರೆಯುತ್ತದೆ. ಅಡಿಕೆ ತೋಟದವರಿಗೆ ಕೆರೆಯ ದಂಡೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಸಕ್ಕರ್ ಮರಿ ಹಾಕಲಾರದು, ನಿಜ. ಆದರೆ ಊರಿನಲ್ಲಿ ಹಾಗೆ ಬಿಟ್ಟವರು ನೀವೊಬ್ಬರೇ ಇರುವುದಿಲ್ಲ. ಕೇರಳದ ಎಷ್ಟೋ ತೋಡು, ಕಾಲುವೆಗಳಲ್ಲಿ ಈಗ ಬಲೆ ಹಾಕಿದರೆ ಇದೇ ಬರುತ್ತದೆ. ಅದರ ಮುಳ್ಳಿಗೆ ಬಲೆ ಹರಿಯುತ್ತದೆ, ತಿನ್ನುವವರು ಇಲ್ಲ, ಕೊಳ್ಳುವವರಂತೂ ಇಲ್ಲವೇ ಇಲ್ಲ.

ಗಪ್ಪಿ? ಅದನ್ನು ನೂರು ವರ್ಷಕ್ಕೂ ಹಿಂದೆ ಸೊಳ್ಳೆ ಮರಿ ತಿನ್ನಲೆಂದು ಈ ದೇಶಕ್ಕೆ ತಂದರು. ಆರೋಗ್ಯ ಇಲಾಖೆಯವರೇ ಬಿಡುತ್ತಾರಲ್ಲ ಅಂತ ನೀವು ಕೇಳಬಹುದು. ಮುಚ್ಚಿದ ಸಿಮೆಂಟು ತೊಟ್ಟಿ ಬೇರೆ, ಹರಿಯುವ ತೋಡು ಬೇರೆ. ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ. ಒಂದು ಸಲ ಗಂಡಿನ ಜೊತೆ ಸೇರಿದ ಹೆಣ್ಣು ಆಮೇಲೆ ತಿಂಗಳುಗಟ್ಟಲೆ, ಗಂಡು ಇಲ್ಲದೆಯೂ, ಮರಿ ಹಾಕುತ್ತಲೇ ಇರುತ್ತದೆ. ಒಂದು ಹೆಣ್ಣು ಸಾಕು, ಒಂದು ತೋಡು ತುಂಬಲು.

"ನಮ್ಮ ಕೆರೆ ನಮ್ಮ ತೋಟದಲ್ಲೇ ಇದೆ, ಹೊರಗೆ ಹೋಗುವುದಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಜುಲೈಯಲ್ಲಿ ಒಂದು ದಿನ, ನಾಲ್ಕು ದಿನ ಬಿಡದೆ ಹೊಯ್ದ ಮಳೆಯ ನಂತರ, ಆ ಕೆರೆಯ ಕಟ್ಟೆಯ ಮೇಲೆ ನಿಂತು ನೋಡಿ. ಕೆರೆ ಯಾವುದು, ತೋಡು ಯಾವುದು, ಗದ್ದೆ ಯಾವುದು ಅಂತ ಗೊತ್ತಾಗುತ್ತದಾ? ನಮ್ಮ ಕಡೆ ಎಲ್ಲ ನೀರೂ ಕೊನೆಗೆ ಹೊಳೆ ಸೇರುವ ನೀರೇ. ಆ ಹೊಳೆಗಳಲ್ಲಿ ಯಾರು ಇದ್ದಾರೆ ಅಂತ ನಮಗೇ ಸರಿಯಾಗಿ ಗೊತ್ತಿಲ್ಲ. ಚಂದ್ರಗಿರಿ ಹೊಳೆಯಲ್ಲಿ ಮಿಸ್ ಕೇರಳ ಅನ್ನುವ ಮೀನು ಇದೆ. ಬೆಳ್ಳಿ ಮೈ, ಉದ್ದಕ್ಕೆ ಕಪ್ಪು ಪಟ್ಟಿ, ಅದರ ಮೇಲೆ ಕೆಂಪು ಗೆರೆ. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದು ಹುಟ್ಟುವುದಿಲ್ಲ. ಅಕ್ವೇರಿಯಂಗೆಂದೇ ಹಿಡಿದು ಹಿಡಿದು ಅದು ಅಳಿವಿನಂಚಿನ ಪಟ್ಟಿ ಸೇರಿದೆ. ನಮ್ಮ ಹವ್ಯಾಸದಿಂದ ಅದಕ್ಕೆ ಆದ ನಷ್ಟ ಸಾಲದೇ? ಮೇಲಿಂದ ಅದರ ಮೊಟ್ಟೆ ತಿನ್ನುವವರನ್ನೂ ನಾವೇ ಕಳಿಸಬೇಕಾ?

ಬಾವಿಗೂ ಬೇಡ, ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ನಿಲ್ಲುವ ಮದಕಕ್ಕೂ ಬೇಡ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಒಳಗಿನ ನೀರಿನಲ್ಲೂ ಮೀನುಗಳಿವೆ. ಮಲಪ್ಪುರಂ ಜಿಲ್ಲೆಯಲ್ಲಿ ಸಿಕ್ಕ ಒಂದು ನೆಲದಡಿಯ ಮೀನಿಗೆ 2019ರಲ್ಲಿ ವಿಜ್ಞಾನಿಗಳು ಹೊಸ ಹೆಸರಿಟ್ಟರು, ಹಾವಿನಂಥ ತಲೆಯ ನಮ್ಮ ವರಾಲ್ ಮೀನಿನ ದೂರದ ನೆಂಟ ಅದು. ನಮ್ಮ ಜಿಲ್ಲೆಯದ್ದೂ ಅದೇ ಥರದ ಕಲ್ಲು. ದೇವಸ್ಥಾನದ ಕೆರೆಗೆ ಬಿಟ್ಟರೆ ಪುಣ್ಯ ಅನ್ನುವವರಿಗೂ ನಾನು ಕೈಮುಗಿದು ಬೇಡ ಅಂತಲೇ ಹೇಳುತ್ತೇನೆ.

ಸರಿ, ಹಾಗಾದರೆ ಏನು ಮಾಡುವುದು?

ಟ್ಯಾಂಕ್ ಸಮೇತ ಹತ್ತಿರದ ಒಬ್ಬರಿಗೆ ಕೊಡಿ. ಮೀನು ಒಬ್ಬರಿಗೆ, ಟ್ಯಾಂಕ್ ಇನ್ನೊಬ್ಬರಿಗೆ, ಫಿಲ್ಟರ್ ಅಂಗಡಿಗೆ ಅಂತ ಹಂಚಬೇಡಿ. ಎಲ್ಲವೂ ಒಟ್ಟಿಗೆ ಹೋಗಬೇಕು. ಯಾಕೆ ಅಂತ ಹೇಳಲು ನನ್ನದೇ ಒಂದು ಕತೆ ಹೇಳಬೇಕಾಗುತ್ತದೆ.

ಹನ್ನೊಂದು ವರ್ಷದ ಹಿಂದೆ ನಾನು ನೀರ್ಚಾಲಿನ ಮನೆ ಬಿಟ್ಟೆ. ನನ್ನ ಹತ್ತಿರ ಏಳು ಮೀನುಗಳಿದ್ದವು. ಚಿಕ್ಕಮ್ಮನ ಮಗಳು ತಗೊಳ್ಳುತ್ತೇನೆ ಅಂದಳು. ನಮ್ಮಲ್ಲಿ ಪದ್ಧತಿ ಗೊತ್ತಲ್ಲ, ಪಕ್ಕದ ಮನೆಯ ಪಾತ್ರೆ ವಾಪಸು ಕೊಡುವಾಗ ಬೆಳಗಿ ಕೊಡುತ್ತೇವೆ. ಕೊಳಕು ಸಾಮಾನು ತಂಗಿಯ ಮನೆಗೆ ಹೇಗೆ ಕಳಿಸಲಿ ಅಂತ ನಾನು ಎರಡು ದಿನ ಕೂತು ಎಲ್ಲ ತೊಳೆದೆ. ಗಾಜು ತಿಕ್ಕಿದೆ. ಕೆಳಗಿನ ಕಲ್ಲುಗಳನ್ನು ಅನ್ನದ ಅಕ್ಕಿ ತೊಳೆದ ಹಾಗೆ ತೊಳೆದೆ. ಫಿಲ್ಟರಿನ ಸ್ಪಂಜು ಹಿಂಡಿ ಹಿಂಡಿ ಜಗಲಿಯಲ್ಲಿ ಬಿಸಿಲಿಗೆ ಒಣಗಿಸಿದೆ. ಹೊಸ ಟ್ಯಾಂಕಿನ ಹಾಗೆ ಹೊಳೆಯುತ್ತಿತ್ತು. ಅವಳ ಮನೆಯಲ್ಲಿ ನಾಲ್ಕನೇ ದಿನ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಯಿತು, ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು, ಒಂಬತ್ತನೇ ದಿನಕ್ಕೆ ಏಳರಲ್ಲಿ ಐದು ಹೋದವು. ಅವಳು ತನ್ನಿಂದಲೇ ಆಯಿತು ಅಂತ ಫೋನಿನಲ್ಲಿ ಅತ್ತಳು. ಅವಳಿಂದಲ್ಲ. ಆ ಸ್ಪಂಜನ್ನು ಒಣಗಿಸಿದ ನನ್ನಿಂದ ಆಯಿತು.

ಆಗಿದ್ದು ಇಷ್ಟು. ಮೀನಿನ ಹೇಲು, ಉಚ್ಚೆ, ತಿನ್ನದೆ ಉಳಿದ ಕಾಳು, ಇವೆಲ್ಲ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಕೆಡುಕಲ್ಲ, ನೀರು ಬದಲಾಯಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಎಲ್ಲ ಜಾಸ್ತಿ ಇರುವುದು ನೀರಿನಲ್ಲಲ್ಲ, ಆ ಕಂದು ಬಣ್ಣದ ಜಿಡ್ಡು ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ. ಒಣಗಿದರೆ ಸಾಯುತ್ತವೆ. ಕ್ಲೋರಿನ್ ತಾಗಿದರೂ ಸಾಯುತ್ತವೆ. ನಮ್ಮದು ಬಾವಿ ನೀರು, ಕ್ಲೋರಿನ್ ಎಲ್ಲಿಂದ ಅಂತೀರಾ? ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ನೆನಪು ಮಾಡಿಕೊಳ್ಳಿ. ಹೊಸದಾಗಿ ಈ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ತನ್ನ ವಿಷದಲ್ಲೇ ಈಜಬೇಕು.

ಹಾಗಾಗಿ ಅಕ್ಕ, ತೊಳೆಯದೆ ಕೊಡಿ. ನಾಚಿಕೆ ಬೇಡ. ಆ ಜಿಡ್ಡೇ ನಿಮ್ಮ ಎಂಟು ವರ್ಷದ ಸಂಪಾದನೆ.

ಯಾರಿಗೆ ಕೊಡುವುದು ಅನ್ನುವುದಕ್ಕೆ ಈಗಿಂದಲೇ ಹುಡುಕಬೇಕು, ಲಾರಿ ಬರುವ ಹಿಂದಿನ ದಿನ ಅಲ್ಲ. ಈಗಾಗಲೇ ಮೀನು ಸಾಕುವವರು ಸಿಕ್ಕಿದರೆ ಒಳ್ಳೆಯದು. ಕೇಳುವಾಗ ಮೊದಲು ಸಕ್ಕರ್ ವಿಷಯ ಹೇಳಿ. ಗೋಲ್ಡ್ ಫಿಶ್ ನೋಡಿ ಎಲ್ಲರೂ ಹೂಂ ಅನ್ನುತ್ತಾರೆ, ಸಕ್ಕರ್ ಅಂದಾಗ ಹಿಂದೆ ಸರಿಯುತ್ತಾರೆ. ಅದು ಇನ್ನೂ ಬೆಳೆಯುತ್ತದೆ, ಅಡಿ ದಾಟುತ್ತದೆ ಅನ್ನುವುದನ್ನೂ ಮುಚ್ಚಿಡಬೇಡಿ. "ಬೇಡವಾದರೆ ಏನು ಮಾಡುತ್ತೀರಿ?" ಅಂತ ಮುಖ ನೋಡಿ ಕೇಳಿ. ಹೊಳೆಗೆ ಬಿಡುತ್ತೇವೆ ಅಂದರೆ ಅವರಿಗೆ ಕೊಡಬೇಡಿ. ಅಕ್ವೇರಿಯಂ ಅಂಗಡಿಯವರು ಕೆಲವರು ವಾಪಸು ತಗೊಳ್ಳುತ್ತಾರೆ. ದುಡ್ಡಿನ ಆಸೆ ಇಟ್ಟುಕೊಳ್ಳದೆ ಹೋಗಿ. ಶಾಲೆಗೆ ಕೊಡುವ ಯೋಚನೆ ತುಂಬ ಜನಕ್ಕೆ ಬರುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಏಪ್ರಿಲ್, ಮೇ ಎರಡು ತಿಂಗಳು ಬೀಗ ಹಾಕಿದ ಕಟ್ಟಡದಲ್ಲಿ ಅವಕ್ಕೆ ಯಾರು ಊಟ ಹಾಕುತ್ತಾರೆ?

ಯಾರೂ ಸಿಗದಿದ್ದರೆ ನಿಮ್ಮ ಮನೆಯಲ್ಲೇ ಒಂದು ದಾರಿ ಇದೆ. ಕೆರೆ ಅಲ್ಲ, ತೊಟ್ಟಿ. ಅಂಗಳದ ನೆರಳಲ್ಲಿ ಒಂದು ದೊಡ್ಡ ಸಿಮೆಂಟು ತೊಟ್ಟಿ ಅಥವಾ ಐನೂರು ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್. ಮಳೆ ನೀರು ತುಂಬಿ ಹೊರಗೆ ಹರಿಯದ ಹಾಗೆ ಸೂರಿನ ಕೆಳಗೆ ಇರಬೇಕು, ಮೇಲೆ ಬಲೆ ಬೇಕು, ಸ್ಪಂಜ್ ಫಿಲ್ಟರ್ ಒಂದು ಇರಲೇಬೇಕು. ಹೊಸ ಸಿಮೆಂಟಾದರೆ ಕೆಲವು ವಾರ ನೀರು ತುಂಬಿ ಚೆಲ್ಲಿ ಸುಣ್ಣದ ಖಾರ ಹೋಗಿಸಬೇಕು. ನೀರು ಜಾಸ್ತಿ ಇದ್ದಷ್ಟೂ ಕೆಲಸ ಕಡಿಮೆ. ಮಾವನವರು ದಿನಕ್ಕೊಮ್ಮೆ ಚಿಟಿಕೆ ಕಾಳು ಹಾಕಬಲ್ಲರಾದರೆ, ನೀರು ಬದಲಾಯಿಸಲು ತೋಟದ ಕೆಲಸಕ್ಕೆ ಬರುವವರಿಗೆ ಹೇಳಿದರಾಯಿತು. ಗಪ್ಪಿಗೂ ಇಂಥದ್ದೇ ಇನ್ನೊಂದು ಸಣ್ಣ ತೊಟ್ಟಿ ಸಾಕು.

ಬೆಂಗಳೂರಿಗೆ ಒಯ್ಯಲಾಗದು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮ ಮುರಕಲ್ಲಿನ ಬಾವಿ ನೀರು ಮೆದು, ಸ್ವಲ್ಪ ಹುಳಿಯ ಕಡೆಗೆ. ಅಲ್ಲಿನ ಬೋರ್ ನೀರು ಗಡಸು. ಎಂಟು ಹತ್ತು ಗಂಟೆಯ ದಾರಿ ಮುಗಿಸಿ ಸುಸ್ತಾದ ಮೀನಿಗೆ ಆ ನೀರು ಕೂಡಲೇ ಒಗ್ಗುವುದು ಕಷ್ಟವೇ ಇತ್ತು.

ಕೊಡುವ ದಿನದ ವಿಷಯ. ಹಿಂದಿನ ದಿನ ಊಟ ಹಾಕಬೇಡಿ, ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಮೇ ತಿಂಗಳ ಬಿಸಿಲು, ಬೆಳಿಗ್ಗೆ ಏಳರೊಳಗೆ ಹೊರಡಿ. ಗೋಲ್ಡ್ ಫಿಶ್ ಒಂದೊಂದನ್ನೂ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಗಾಳಿ. ಸಕ್ಕರ್ ಅನ್ನು ಚೀಲಕ್ಕೂ ಹಾಕಬೇಡಿ, ಬಲೆಯಲ್ಲೂ ಹಿಡಿಯಬೇಡಿ, ಅದರ ರೆಕ್ಕೆಯ ಮುಳ್ಳು ಚುಚ್ಚಿ ಚೀಲ ಸೋರುತ್ತದೆ, ಬಲೆಗೆ ಸಿಕ್ಕಿ ರೆಕ್ಕೆಯೂ ಹರಿಯುತ್ತದೆ. ಡಬ್ಬಿಯಲ್ಲಿ ನೀರು ಸಮೇತ ಎತ್ತಿ, ಮುಚ್ಚಳ ಇರುವ ಬಕೆಟಿಗೆ ಬಿಡಿ. ಸೋಪು ಕಾಣದ ಬಕೆಟ್ ಆಗಬೇಕು. ಸ್ಪಂಜು ಇನ್ನೊಂದು ಬಕೆಟಿನಲ್ಲಿ, ಟ್ಯಾಂಕಿನದ್ದೇ ನೀರಿನಲ್ಲಿ ಮುಳುಗಿ, ಬಾಯಿ ತೆರೆದಿರಲಿ, ಆ ಬ್ಯಾಕ್ಟೀರಿಯಾಗೂ ಗಾಳಿ ಬೇಕು. ಮೂರಡಿಯ ಟ್ಯಾಂಕೆಂದರೆ ನೂರು ಲೀಟರಿನ ಆಸುಪಾಸು, ಅಂದರೆ ನೀರೇ ನೂರು ಕಿಲೋ. ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ಎತ್ತಬೇಡಿ, ಕಲ್ಲನ್ನೂ ತೆಗೆಯಿರಿ, ಇಲ್ಲದಿದ್ದರೆ ಸಿಲಿಕೋನ್ ಅಂಟು ಬಿಟ್ಟು ಮೂಲೆಯಲ್ಲಿ ಸೋರತೊಡಗುತ್ತದೆ.

ಅಲ್ಲಿ ಹೋದ ಮೇಲೆ ಅರ್ಧ ಹಳೇ ನೀರು, ಅರ್ಧ ಅವರ ನೀರು. ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಿ, ಆಮೇಲೆ ಲೋಟದಲ್ಲಿ ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಚೀಲಕ್ಕೆ ಹಾಕಿ. ಕೊನೆಗೆ ಮೀನು ಮಾತ್ರ ಟ್ಯಾಂಕಿಗೆ, ಚೀಲದ ನೀರು ಬೇಡ. ಆ ದಿನ ಲೈಟು ಹಾಕಬೇಡಿ, ಊಟವೂ ಬೇಡ.

ಇನ್ನು ಮಗನ ವಿಷಯ. ಮೀನಿಗಾಗಿ ಅಳುವುದೇನು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ಕಣ್ಣೀರು ಹಾಕಿದ ಜಿಲ್ಲೆ ನಮ್ಮದು. ಅವನು ಅಳಲಿ. ಆದರೆ ಅವನು ಮಲಗಿರುವಾಗ ಮೀನು ಸಾಗಿಸಬೇಡಿ, ಹಾಗೆ ಮಾಡಿದ ಮನೆಗಳ ಮಕ್ಕಳು ದೊಡ್ಡವರಾದರೂ ಅದನ್ನು ಮರೆತಿಲ್ಲ. ಅವನನ್ನೂ ಕರೆದುಕೊಂಡು ಹೋಗಿ. ಚೀಲದ ಬಾಯಿ ಅವನೇ ಬಿಚ್ಚಲಿ. ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿ: ದಿನಕ್ಕೆ ಎಷ್ಟು ಕಾಳು, ಯಾವ ಹೊತ್ತಿಗೆ, ಬೇಯಿಸಿದ ಬಟಾಣಿ ಯಾರಿಗೆ ಇಷ್ಟ, ಯಾವ ಗೋಲ್ಡ್ ಫಿಶ್ ಇನ್ನೊಂದರ ಊಟ ಕಸಿಯುತ್ತದೆ, ಸಕ್ಕರ್ ಹಗಲು ಎಲ್ಲಿ ಅಡಗುತ್ತದೆ, ವಾರಕ್ಕೆ ಎಷ್ಟು ಬಕೆಟ್ ನೀರು ತೆಗೆಯಬೇಕು. ಎಂಟು ವರ್ಷ ದಿನಾ ನೋಡಿದವರಿಗೆ ಮಾತ್ರ ಗೊತ್ತಿರುವ ವಿಷಯ ಇವು, ಅಂಗಡಿಯವರೂ ಹೇಳಲಾರರು. ಆ ಹಾಳೆಯನ್ನು ಟ್ಯಾಂಕಿನ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.

ಸಕ್ಕರ್‌ಗೆ ಮೇ ಹತ್ತರೊಳಗೆ ಮನೆ ಸಿಗದಿದ್ದರೆ ನನಗೆ ಇನ್ನೊಮ್ಮೆ ಬರೆಯಿರಿ. ಈ ಕಡೆ ದೊಡ್ಡ ಟ್ಯಾಂಕ್ ಇರುವ ನಾಲ್ಕು ಜನ ನನಗೆ ಗೊತ್ತು, ಕೇಳಿ ನೋಡುತ್ತೇನೆ.