100 ಮಿಲಿವ್ಯಾಟ್ ಇದ್ದರೂ ಟ್ಯಾಗ್ ಯಾಕೆ ಫೇಲ್ ಆಯಿತು?

ಈಚೆಗೆ ಒಬ್ಬ ಹುಡುಗ ನಮ್ಮ ಟೆಸ್ಟ್ ಲ್ಯಾಬ್‌ಗೆ ಒಂದು ಬೋರ್ಡ್ ತಂದಿದ್ದ. ಗೋದಾಮಿನಲ್ಲಿ ಸಾಮಾನು ಎಲ್ಲಿದೆ ಅಂತ ತೋರಿಸುವ ಬ್ಲೂಟೂತ್ ಲೋ ಎನರ್ಜಿ ಟ್ಯಾಗ್. ಹೋಗಬೇಕಿದ್ದದ್ದು ಜರ್ಮನಿಗೆ. ಆಂಟೆನಾ ಪಕ್ಕದಲ್ಲೇ ಅವರೆಕಾಳಿಗಿಂತ ಚಿಕ್ಕದೊಂದು ಕಪ್ಪು ಚಿಪ್, ಸಿಗ್ನಲ್ ಜೋರು ಮಾಡುವ ಪವರ್ ಆಂಪ್ಲಿಫೈಯರ್. "ಸರ್, 20 ಡಿಬಿಎಂ ಪವರ್ ಬರ್ತಿದೆ, 100 ಮಿಲಿವ್ಯಾಟ್. ಬ್ಲೂಟೂತ್ 5ರಲ್ಲಿ ಅಷ್ಟು ಬಿಡ್ತಾರಲ್ವಾ?" ಅಂದ.

ಬಿಡುತ್ತಾರೆ. ಆದರೆ ಅದು ಬ್ಲೂಟೂತ್ ಸ್ಟ್ಯಾಂಡರ್ಡ್ ಹೇಳುವ ಮಾತು, ದೇಶದ ಕಾನೂನು ಹೇಳುವುದಲ್ಲ.

ಯುರೋಪಿನ ಇಎನ್ 300 328 ನಿಯಮದಲ್ಲೂ 2.4 ಗಿಗಾಹರ್ಟ್ಸ್‌ಗೆ ಮಿತಿ 20 ಡಿಬಿಎಂ, ಅಂದರೆ 100 ಮಿಲಿವ್ಯಾಟ್. ಆಂಟೆನಾ ಗೇನ್, ಅಂದರೆ ಆಂಟೆನಾ ಒಂದು ದಿಕ್ಕಿಗೆ ಸಿಗ್ನಲ್ ಹೆಚ್ಚಿಸುವ ಪ್ರಮಾಣ, ಅದೂ ಇದರಲ್ಲೇ ಸೇರಬೇಕು. ಜನ ಓದುವುದು ಇಷ್ಟೇ. ಹಾಪಿಂಗ್ (ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಾ ಕಳಿಸುವುದು) ಅಲ್ಲದ ಸಾಧನಗಳಿಗೆ ಇನ್ನೊಂದು ಮಿತಿ ಇದೆ: ಒಂದು ಮೆಗಾಹರ್ಟ್ಸ್‌ಗೆ 10 ಡಿಬಿಎಂ. ಡಿಬಿಎಂ ಲೆಕ್ಕದಲ್ಲಿ 10 ಇಳಿದರೆ ಪವರ್ ಹತ್ತರಲ್ಲಿ ಒಂದು ಪಾಲು, ಅಂದರೆ ಇದು 10 ಮಿಲಿವ್ಯಾಟ್. ಒಂದು ಕೊಡ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸಿದರೆ ಧೂಳು ಅಡಗುತ್ತದೆ, ಒಂದೇ ಕಡೆ ಸುರಿದರೆ ಕೆಸರಾಗುತ್ತದೆ. ವೈಫೈ ತನ್ನ 100 ಮಿಲಿವ್ಯಾಟನ್ನು ಸುಮಾರು 20 ಮೆಗಾಹರ್ಟ್ಸ್ ಅಗಲಕ್ಕೆ ಹರಡುತ್ತದೆ, ಪಾಸಾಗುತ್ತದೆ. ನಮ್ಮ ಟ್ಯಾಗ್ ಹೆಚ್ಚುಕಡಿಮೆ ಎಲ್ಲವನ್ನೂ ಒಂದೇ ಮೆಗಾಹರ್ಟ್ಸ್‌ನಲ್ಲಿ ಸುರಿಯುತ್ತದೆ. ಹಾಗಾಗಿ ಅದಕ್ಕೆ ನಿಜವಾದ ಮಿತಿ 10 ಮಿಲಿವ್ಯಾಟ್. ಬ್ಲೂಟೂತ್ ಲೋ ಎನರ್ಜಿ ಕನೆಕ್ಷನ್ ಆದ ಮೇಲೆ 37 ಚಾನೆಲ್‌ಗಳಲ್ಲಿ ಹಾರುತ್ತದೆ, ಅದಕ್ಕೆ ಹಾಪಿಂಗ್ ವರ್ಗ ಕೇಳಬಹುದು. ಆದರೆ ಆ ವರ್ಗಕ್ಕೆ ಕನಿಷ್ಠ 15 ಚಾನೆಲ್ ಬೇಕು. ಈ ಟ್ಯಾಗ್ ಬೀಕನ್, ಕನೆಕ್ಷನ್ ಇಲ್ಲದೆ ತಾನಿದ್ದೇನೆ ಅಂತ ಕೂಗುತ್ತಿರುವಂಥದ್ದು. ಕೂಗುವುದೇ 3 ಚಾನೆಲ್‌ಗಳಲ್ಲಿ. ಹಾಗಾಗಿ ಆ ವರ್ಗ ಸಿಗಲಿಲ್ಲ, ಟ್ಯಾಗ್ ಫೇಲ್.

ಅಮೆರಿಕದಲ್ಲಿ ಕೈ ಸಡಿಲ, 1 ವ್ಯಾಟ್‌ವರೆಗೆ ಬಿಡುತ್ತಾರೆ. ಅಲ್ಲಿ ಸಿಕ್ಕಿಬೀಳುವುದು ಅಂಚಿನಲ್ಲಿ. ಆ ಮೂರರಲ್ಲಿ ಒಂದಾದ 39ನೇ ಚಾನೆಲ್ ಇರುವುದು 2480 ಮೆಗಾಹರ್ಟ್ಸ್‌ನಲ್ಲಿ, 2483.5ರಿಂದ ಆಚೆ ನಿರ್ಬಂಧಿತ ಪಟ್ಟಿ, ಅಂದರೆ ಸಿಗ್ನಲ್ ಸೋರಿಕೆಗೆ ಬಿಗಿ ಮಿತಿ ಇರುವ ಫ್ರೀಕ್ವೆನ್ಸಿಗಳು. ಆಂಪ್ಲಿಫೈಯರನ್ನು ಜಾಸ್ತಿ ಒತ್ತಿದರೆ ಸಿಗ್ನಲ್ಲಿನ ಸೆರಗು ಆ ಕಡೆ ಹರಡುತ್ತದೆ. ಎಷ್ಟೋ ಬೋರ್ಡ್‌ಗಳಲ್ಲಿ ಆ ಒಂದು ಚಾನೆಲ್‌ಗೆ ಮಾತ್ರ ಪವರ್ ಇಳಿಸಿ ಪಾಸ್ ಮಾಡಿಸಿದ್ದೇವೆ. ಆಂಪ್ಲಿಫೈಯರ್‌ನಲ್ಲಿ ಹುಟ್ಟುವ, ಎರಡರಷ್ಟು ಫ್ರೀಕ್ವೆನ್ಸಿಯ ಬೇಡದ ಸಿಗ್ನಲ್ (ಹಾರ್ಮೋನಿಕ್) ಕೂಡ ಹೋಗಿ ಬೀಳುವುದು ಇನ್ನೊಂದು ನಿರ್ಬಂಧಿತ ಪಟ್ಟಿಯಲ್ಲೇ. ಆಂಪ್ಲಿಫೈಯರ್ ಆದ ಮೇಲೆ ಫಿಲ್ಟರ್ ಹಾಕದೆ ಲ್ಯಾಬ್‌ಗೆ ಬರಬೇಡಿ, ದುಡ್ಡು ಸುಮ್ನೆ ಹೋಗುತ್ತದೆ.

ಸರ್ಟಿಫೈಡ್ ಮಾಡ್ಯೂಲ್ ತಂದು ಅದರ ಮುಂದೆ ನಿಮ್ಮ ಆಂಪ್ಲಿಫೈಯರ್ ಕೂರಿಸಿದರೆ ಹಳೆಯ ಸರ್ಟಿಫಿಕೇಟ್ ನಡೆಯುವುದಿಲ್ಲ. ಇದನ್ನು ಕೇಳಿ ಮುಖ ಬಾಡಿಸಿಕೊಂಡು ಹೋದವರನ್ನು ನೋಡಿದ್ದೇನೆ. ಡಿಸೈನ್ ಶುರು ಮಾಡುವಾಗಲೇ ಯಾರಾದರೂ ಇವರಿಗೆ ಹೇಳಬೇಕಿತ್ತು ಅನಿಸುತ್ತದೆ.

ದೂರ ಹೆಚ್ಚಬೇಕಾದರೆ ಜೋರಾಗಿ ಕೂಗುವುದೊಂದೇ ದಾರಿಯಲ್ಲ, ಕಿವಿ ಚುರುಕು ಮಾಡಬಹುದು. ಟ್ಯಾಗ್‌ನ ಕೂಗು ಕೇಳಿಸಿಕೊಳ್ಳುವ ರಿಸೀವರ್ ಕೂಡ ಆ ಹುಡುಗನದೇ ಗೇಟ್‌ವೇ. ಅದರಲ್ಲಿ ಲೋ ನಾಯ್ಸ್ ಆಂಪ್ಲಿಫೈಯರ್ (ಬರುವ ಕ್ಷೀಣ ಸಿಗ್ನಲನ್ನು ಹೆಚ್ಚು ಗದ್ದಲ ಸೇರಿಸದೆ ಜೋರು ಮಾಡುವ ಚಿಪ್) ಹಾಕಿದರೆ ಪ್ರಸಾರ ಮಿತಿಯ ಪ್ರಶ್ನೆಯೇ ಬರುವುದಿಲ್ಲ. ಜೊತೆಗೆ ಕೋಡೆಡ್ ಫೈ, ದೂರಕ್ಕೆ ತಲುಪಲೆಂದು ನಿಧಾನವಾಗಿ ಕಳಿಸುವ ಬ್ಲೂಟೂತ್ ವಿಧಾನ. ವೇಗ ಸೆಕೆಂಡಿಗೆ 125 ಕಿಲೋಬಿಟ್‌ಗೆ ಇಳಿಯುತ್ತದೆ, ಆದರೆ ಅವನ ಬ್ಲೂಟೂತ್ ಚಿಪ್ಪಿನಲ್ಲಿ ಅದರಿಂದಲೇ 8 ಡಿಬಿ ಲಾಭ. ಬಯಲಲ್ಲಿ 6 ಡಿಬಿ ಸಿಕ್ಕಿದರೆ ದೂರ ಎರಡರಷ್ಟಾಗುತ್ತದೆ.

ಕೊನೆಗೆ ಲೆಕ್ಕ ಹಾಕಿದೆವು. ಆಂಪ್ಲಿಫೈಯರ್ ಇಲ್ಲದೆ ಬ್ಲೂಟೂತ್ ಚಿಪ್ ತಾನೇ ಕೊಡುವುದು 8 ಡಿಬಿಎಂ, ಆಂಟೆನಾ ಗೇನ್ 2. ಸರಿಯಾಗಿ 10. ಹುಡುಗ ಅಲ್ಲೇ ಕೂತು ಹಾಟ್ ಏರ್ ಗನ್ ಹಿಡಿದು ಆ ಕಪ್ಪು ಚಿಪ್ ಎಬ್ಬಿಸಿದ.